ಬಿಸ್ಕತ್ತು ಹರಡುವುದೇಕೆ, ಗಟ್ಟಿಯಾಗುವುದೇಕೆ?

ಪ್ರಶ್ನೆ: ಬೆಣ್ಣೆ ಕರಗಿಸಿ, ಸಕ್ಕರೆ, ಮೈದಾ ಹಾಕಿ ಬಿಸ್ಕತ್ತು ಮಾಡುತ್ತೇನೆ. ಹಿಟ್ಟು ಉದುರುದುರಾದರೆ ಹಾಲು ಹಾಕಿ ಚೆನ್ನಾಗಿ ನಾದುತ್ತೇನೆ. ಓವನ್‌ನಲ್ಲಿ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆರಿದ ಮೇಲೆ ಕಚ್ಚಲಾಗದಷ್ಟು ಗಟ್ಟಿ. ಬೇಕಿಂಗ್ ಸೋಡಾ ಜಾಸ್ತಿ ಹಾಕಲಾ?

ಉತ್ತರ: ದಯವಿಟ್ಟು ಬೇಡ. ಸೋಡಾ ಜಾಸ್ತಿಯಾದರೆ ಇನ್ನೂ ಹರಡುತ್ತದೆ, ಬೇಗ ಕಪ್ಪಾಗುತ್ತದೆ, ರುಚಿ ಸೋಪಿನಂತಾಗುತ್ತದೆ. ಈ ಬಗೆಯ ಬಿಸ್ಕತ್ತಿಗೆ ಸೋಡಾನೇ ಬೇಕಾಗಿಲ್ಲ. ನಿಮ್ಮ ತೊಂದರೆ ಇರುವುದು ಕರಗಿದ ಬೆಣ್ಣೆಯಲ್ಲಿ, ಆಮೇಲೆ ಹಾಲಿನಲ್ಲಿ.

ಬೆಣ್ಣೆ ಮೊದಲೇ ಕರಗಿದ್ದರೆ ಮೈದಾ ಬೆಂದು ಗಟ್ಟಿಯಾಗುವ ಮುಂಚೆಯೇ ಬಿಸ್ಕತ್ತು ಹರಡಿಬಿಡುತ್ತದೆ. ಬೆಣ್ಣೆ ಕರಗಬೇಕಿಲ್ಲ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾದರೆ ಸಾಕು. 200 ಗ್ರಾಂ ಬೆಣ್ಣೆಗೆ 100 ಗ್ರಾಂ ಪುಡಿ ಸಕ್ಕರೆ, 300 ಗ್ರಾಂ ಮೈದಾ, ಚಿಟಿಕೆ ಉಪ್ಪು. ಲೋಟದ ಅಳತೆ ಬಿಟ್ಟು ತೂಕ ಮಾಡಿಯೇ ಹಾಕಿ, ಯಾಕೆಂದರೆ ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಬೆಣ್ಣೆ, ಸಕ್ಕರೆಯನ್ನು ಬಣ್ಣ ತಿಳಿಯಾಗುವವರೆಗೆ ತಿರುವಿ, ಮೈದಾ ಸೇರಿಸಿ, ಒಣ ಪುಡಿ ಕಾಣದಂತಾದ ಕೂಡಲೇ ಕೈ ತೆಗೆಯಿರಿ.

ನಾದಲೇಬಾರದು. ಮೈದಾಗೆ ನೀರಿನಂಶ ಸಿಕ್ಕಿ ಮೇಲಿಂದ ನಾದಿದರೆ ಗ್ಲೂಟನ್ ಎಂಬ, ಹಿಟ್ಟನ್ನು ಜಗಿಯುವಂತೆ ಗಟ್ಟಿ ಮಾಡುವ ಪ್ರೋಟೀನ್ ಎಳೆಗಳು ಬೆಳೆಯುತ್ತವೆ. ಬ್ರೆಡ್ಡಿಗೆ ಅದೇ ಬೇಕು, ಬಿಸ್ಕತ್ತಿಗೆ ಅದೇ ಶತ್ರು. ಹಿಟ್ಟು ಉದುರುತ್ತಿದೆ ಅಂತ ಹೆದರಬೇಡಿ. ಮುಷ್ಟಿಯಲ್ಲಿ ಒತ್ತಿದಾಗ ಉಂಡೆಯಾಗಿ ನಿಂತರೆ ಸರಿಯಾಗಿದೆ ಅಂತಲೇ ಅರ್ಥ.

ಆಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಈ ಅರ್ಧ ಗಂಟೆಯನ್ನು ಎಲ್ಲರೂ ಹಾರಿಸುತ್ತಾರೆ, ಆದರೆ ಹರಡುವುದನ್ನು ತಡೆಯುವುದು ಮುಖ್ಯವಾಗಿ ಇದೇ. ಓವನ್ ಮೊದಲೇ 170 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಲಿ. ಅರ್ಧ ಸೆಂಟಿಮೀಟರ್ ದಪ್ಪ ಲಟ್ಟಿಸಿ, ಕತ್ತರಿಸಿ, ನಡುವೆ ಜಾಗ ಬಿಟ್ಟು ಜೋಡಿಸಿದರೆ ಸುಮಾರು 15 ನಿಮಿಷಕ್ಕೆ ಅಂಚು ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ಮುಟ್ಟಿದರೆ ಮೆತ್ತಗೇ ಇರುತ್ತದೆ, ಬೆಂದಿಲ್ಲ ಅಂದುಕೊಂಡು ಮತ್ತೆ ಒಳಗಿಡಬೇಡಿ, ಗರಿಗರಿಯಾಗುವುದು ಆರುವಾಗ. ಹೀಗೆ ಮತ್ತೆ ಒಳಗಿಟ್ಟು ಹೆಚ್ಚು ಬೇಯಿಸುವುದೂ ಗಟ್ಟಿಯಾಗಲು ಒಂದು ಕಾರಣ, ಅಲ್ವಾ?

ಪ್ರಶ್ನೆ: ಗರಿಗರಿಯಾಗಿದ್ದ ಬಿಸ್ಕತ್ತು ಮರುದಿನವೇ ಮೆತ್ತಗಾಗುತ್ತದೆ. ಏನು ಮಾಡಲಿ?

ಉತ್ತರ: ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಆವಿ ಒಳಗೇ ನಿಂತು ಹೀಗಾಗುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಈಗ ಮೆತ್ತಗಾಗಿರುವುದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿ, ಮತ್ತೆ ಗರಿಗರಿಯಾಗುತ್ತದೆ.