ಪ್ರತಿಕ್ರಿಯೆ: ಹಾಸನದ ಮನೆ ಸಾಲದ ಬಡ್ಡಿ ಕಟ್ಟಿದರೂ ಸಂಬಳದಲ್ಲಿ ತೆರಿಗೆ ಯಾಕೆ ಹಿಡಿಯುತ್ತಿದ್ದಾರೆ?

ನೀವು ಹೊಸ ತೆರಿಗೆ ಪದ್ಧತಿಯಲ್ಲಿ ಇರುವುದೇ ಕಾರಣ ಇರಬೇಕು. ಏನೂ ಬರೆದುಕೊಡದಿದ್ದರೆ ಕಚೇರಿಯವರು ಅದರಲ್ಲೇ ಲೆಕ್ಕ ಹಾಕುತ್ತಾರೆ. ಅಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಸಂಸತ್ತಿನಲ್ಲಿ ಹೇಳಿದ ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬುದು ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ನೇರವಾಗಿ ಕಳೆಯುವ ಮೊತ್ತ) ಸೇರಿ 12.75 ಲಕ್ಷದವರೆಗೆ. ನಿಮ್ಮ ವರ್ಷದ ಸಂಬಳ 14 ಲಕ್ಷ ಅದನ್ನು ದಾಟಿದೆ.

ಹಾಗಂತ ಹಳೇ ಪದ್ಧತಿಗೆ ಓಡಬೇಡಿ, ಮೊದಲು ಲೆಕ್ಕ ನೋಡಿ. 2025-26ರ ದರದಲ್ಲಿ ಹೊಸದರಲ್ಲಿ ನಿಮ್ಮ ತೆರಿಗೆ ಸೆಸ್ ಸೇರಿ 81,900. ಹಳೆಯದರಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 2 ಲಕ್ಷ ಬಡ್ಡಿ, ಪಿಎಫ್, ಜೀವವಿಮೆಯಂಥ ಉಳಿತಾಯಕ್ಕೆ ಸಿಗುವ 80ಸಿಯ 1.5 ಲಕ್ಷ ಎಲ್ಲ ಕಳೆದರೂ 1,17,000. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಆರೋಗ್ಯ ವಿಮೆ, ಎನ್‌ಪಿಎಸ್ (ಪಿಂಚಣಿ ಯೋಜನೆ) ಅಂತ ಇನ್ನೂ ಸುಮಾರು 1.7 ಲಕ್ಷ ತೋರಿಸಲು ಆದರೆ ಮಾತ್ರ ಹಳೆಯದು ಸರಿಸಮ.

ಸಾಲಗಾಮೆ ರಸ್ತೆಯ ಮನೆ ಇನ್ನೂ ಲಿಂಟಲ್ ಮಟ್ಟದಲ್ಲಿದೆ, ಕಟ್ಟಿ ಮುಗಿದಿಲ್ಲ ಅಂದಿರಿ. ಹಾಗಾದರೆ ಹಳೆಯದರಲ್ಲೂ ಈ ವರ್ಷ ಬಡ್ಡಿಗೆ ವಿನಾಯಿತಿ ಸಿಗದು. ಈಗ ಕಟ್ಟುವ ಬಡ್ಡಿಗೆ ವಿನಾಯಿತಿ ಸಿಗುವುದು ಮನೆ ಮುಗಿದ ವರ್ಷದಿಂದ ಐದು ಸಮ ಕಂತುಗಳಲ್ಲಿ, ಅದೂ ಆ 2 ಲಕ್ಷದ ಮಿತಿಯೊಳಗೇ. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ವರ್ಷವರ್ಷ ತೆಗೆದಿಡಿ.

ಮೇಲಿನ ಮಹಡಿಯ ಮನೆ ಬಾಡಿಗೆಗೆ ಕೊಟ್ಟ ಮೇಲೆ ಹೊಸದರಲ್ಲೂ ಆ ಭಾಗದ ಬಡ್ಡಿಯನ್ನು ಬಾಡಿಗೆಯಲ್ಲಿ ಕಳೆಯಬಹುದು, ಆದರೆ ನಷ್ಟವನ್ನು ಸಂಬಳಕ್ಕೆ ಹೊಂದಿಸಲು ಬರುವುದಿಲ್ಲ.

ಹಳೆಯದೇ ಲಾಭ ಅನ್ನಿಸಿದರೆ ಈಗಲೇ ಹಳೇ ಪದ್ಧತಿ ಬೇಕೆಂದು ಬರೆದು, ವಿನಾಯಿತಿಗಳ ವಿವರದ ನಮೂನೆಯನ್ನೂ ಕಚೇರಿಗೆ ಕೊಡಿ. ತಡವಾದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಬದಲಿಸಿ, ಹೆಚ್ಚಿಗೆ ಹಿಡಿದದ್ದು ರೀಫಂಡ್ ಬರುತ್ತದೆ.