ರೊಸೇಶಿಯಕ್ಕೆ ಲೇಸರ್ ಮಾಡಿಸಿದರೆ ಮುಖದ ಕೆಂಪು ಶಾಶ್ವತವಾಗಿ ಹೋಗುತ್ತದೆಯೇ?

ಎರಡು ವರ್ಷಗಳಿಂದ ಕೆನ್ನೆ ಮತ್ತು ಮೂಗು ಕೆಂಪೇರಿ ಉರಿಯುತ್ತಿವೆ, ನಡುನಡುವೆ ಗುಳ್ಳೆಗಳು ಏಳುತ್ತವೆ, ಕ್ಲಿನಿಕ್ಕಿನವರು ಇದು ರೊಸೇಶಿಯ ಎಂದು ಹೇಳಿ ಆರು ಸಿಟ್ಟಿಂಗ್‌ಗಳ ಲೇಸರ್ ಪ್ಯಾಕೇಜ್ ಸೂಚಿಸಿದ್ದಾರೆ, ಇದರಿಂದ ಪೂರ್ತಿ ವಾಸಿಯಾಗುವುದೇ ಎಂದು ಕೇಳಿದ್ದೀರಿ. ಚರ್ಮರೋಗಗಳ ವೈದ್ಯೆಯಾಗಿ ಹೇಳುವುದಾದರೆ, ಪೂರ್ತಿ ವಾಸಿಯಾಗುವುದಿಲ್ಲ. ಹಾಗೆಂದು ಲೇಸರ್ ವ್ಯರ್ಥವೂ ಅಲ್ಲ; ಅದು ಹಿಗ್ಗಿದ ರಕ್ತನಾಳಗಳಿಗೆ ಮಾಡುವ ಚಿಕಿತ್ಸೆಯೇ ಹೊರತು ರೋಗದ ಮೂಲಕ್ಕಲ್ಲ.

ರೊಸೇಶಿಯ ಮುಖದ ನಡುಭಾಗದಲ್ಲಿ ವರ್ಷಗಟ್ಟಲೆ ಏರುತ್ತ ಇಳಿಯುತ್ತ ಉಳಿಯುವ ಉರಿಯೂತ. ಬಿಸಿಲು, ಒಲೆಯ ಝಳ, ಬಿಸಿ ಪಾನೀಯ, ಖಾರ, ಮದ್ಯ, ಮಾನಸಿಕ ಒತ್ತಡ ಇವುಗಳಿಂದ ಅಲ್ಲಿನ ಸಣ್ಣ ರಕ್ತನಾಳಗಳು ಬೇಗನೆ ಹಿಗ್ಗುತ್ತವೆ. ಚರ್ಮದ ಸಹಜ ರಕ್ಷಣಾ ವ್ಯವಸ್ಥೆ ಅಗತ್ಯಕ್ಕಿಂತ ಹೆಚ್ಚು ಕೆರಳಿರುತ್ತದೆ. ವಯಸ್ಕರ ಮುಖದಲ್ಲಿ ಸಾಮಾನ್ಯವಾಗಿ ಇರುವ ಡೆಮೊಡೆಕ್ಸ್ ಎಂಬ ಸೂಕ್ಷ್ಮ ನುಸಿ ಇಂಥವರಲ್ಲಿ ಹೆಚ್ಚಾಗಿ ಕಾಣುತ್ತದೆ. ಮೊಡವೆಯಲ್ಲಿರುವಂತೆ ಬ್ಲ್ಯಾಕ್‌ಹೆಡ್‌ಗಳು ಇದರಲ್ಲಿರುವುದಿಲ್ಲ. ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದ ಕಾರಣ ನಮ್ಮವರಲ್ಲಿ ಇದನ್ನು ಅಲರ್ಜಿ ಅಥವಾ ಮೊಡವೆಯೆಂದು ಭಾವಿಸುವುದುಂಟು. ಕೆಲವೊಮ್ಮೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆರಗುವ ಕಾಯಿಲೆ) ರೋಗವೂ ಕೆನ್ನೆಗಳ ಮೇಲೆ ಇದೇ ರೀತಿ ಕಾಣಿಸಿಕೊಳ್ಳುವುದರಿಂದ, ಕೀಲುನೋವು ಅಥವಾ ಬಾಯಿಹುಣ್ಣು ಇದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ನೀವು ಬರೆಯದೇ ಇರುವ ಒಂದು ಸಂಗತಿಯನ್ನು ನಾನು ಕೇಳಲೇಬೇಕು: ಮುಖ ಬೆಳ್ಳಗಾಗಲೆಂದೋ ಕಲೆ ಹೋಗಲೆಂದೋ ಮೆಡಿಕಲ್ ಶಾಪಿನಿಂದ ಯಾವುದಾದರೂ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚಿದ್ದೀರಾ? ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಮುಂತಾದ ಸ್ಟೆರಾಯ್ಡ್‌ಗಳಿರುವ ಮುಲಾಮುಗಳು ಮೊದಲು ಹಿತವೆನಿಸಿ, ಕ್ರಮೇಣ ಚರ್ಮವನ್ನು ತೆಳುವಾಗಿಸಿ, ರೊಸೇಶಿಯದಂತೆಯೇ ಕಾಣುವ ಉರಿ, ಕೆಂಪು ಮತ್ತು ಗುಳ್ಳೆಗಳನ್ನು ಉಂಟುಮಾಡುತ್ತವೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದ್ದರೂ, ಕೇಳಿದವರಿಗೆ ಅವು ಈಗಲೂ ಸಿಗುತ್ತಿವೆ. ನಿಲ್ಲಿಸಿದೊಡನೆ ಕೆಲವು ವಾರ ಮುಖ ಇನ್ನಷ್ಟು ಕೆಂಪಾಗುವುದರಿಂದ ಜನ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಆ ಹಂತವನ್ನು ವೈದ್ಯರ ನೆರವಿನಿಂದ ದಾಟಬೇಕು. ಅದು ಮುಗಿಯುವ ಮುನ್ನ ಲೇಸರ್ ಮುಟ್ಟುವುದು ನನಗೆ ಒಪ್ಪಿಗೆಯಲ್ಲ.

ಗುಳ್ಳೆಗಳಿಗೆ ಔಷಧವೇ ಮೊದಲ ದಾರಿ. ಐವರ್ಮೆಕ್ಟಿನ್ 1% ಕ್ರೀಮ್, ಮೆಟ್ರೊನಿಡಜೋಲ್ 0.75% ಜೆಲ್, ಅಜೆಲಾಯಿಕ್ ಆಮ್ಲ 15% ಜೆಲ್ ಇವುಗಳಲ್ಲಿ ಒಂದನ್ನು ಕೊಡುತ್ತೇವೆ. ಪರಿಣಾಮಕ್ಕೆ ಎರಡು ಮೂರು ತಿಂಗಳು ಬೇಕು. ಗುಳ್ಳೆಗಳು ಹೆಚ್ಚಿದ್ದರೆ ಕಡಿಮೆ ಪ್ರಮಾಣದ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಸೇರಿಸುತ್ತೇವೆ, ಆದರೆ ಗರ್ಭಿಣಿಯರಿಗೆ ಕೊಡುವುದಿಲ್ಲ. ಬ್ರಿಮೊನಿಡಿನ್ ಜೆಲ್ ಕೆಲವು ಗಂಟೆಗಳ ಮಟ್ಟಿಗೆ ಕೆಂಪನ್ನು ಇಳಿಸುತ್ತದೆ. ಅದರ ಪ್ರಭಾವ ತೀರಿದ ಮೇಲೆ ಕೆಲವರಲ್ಲಿ ಕೆಂಪು ಮೊದಲಿಗಿಂತ ಹೆಚ್ಚಾಗುವುದೂ ಇದೆ. ಸಾಬೂನು, ಸ್ಕ್ರಬ್‌ಗಳನ್ನು ಬಿಟ್ಟು, ಸೌಮ್ಯವಾದ ಕ್ಲೆನ್ಸರ್ ಮತ್ತು ಸನ್‌ಸ್ಕ್ರೀನ್ ಬಳಸಬೇಕು.

ಇಷ್ಟಾದ ಮೇಲೂ ಉಳಿಯುವ ಸ್ಥಿರವಾದ ಕೆಂಪು ಮತ್ತು ಎಳೆಎಳೆಯಾಗಿ ಕಾಣುವ ರಕ್ತನಾಳಗಳಿಗೆ ಲೇಸರ್ ನಿಜಕ್ಕೂ ಉಪಯುಕ್ತ, ಏಕೆಂದರೆ ಆ ಎಳೆಗಳನ್ನು ಅಳಿಸಬಲ್ಲ ಕ್ರೀಮ್ ಯಾವುದೂ ಇಲ್ಲ. ಸೂಕ್ತ ತರಂಗಾಂತರದ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಂಡಾಗ ಉಂಟಾಗುವ ಶಾಖದಿಂದ ನಾಳದ ಒಳಗೋಡೆ ಹಾನಿಗೊಂಡು ನಾಳ ಮುಚ್ಚುತ್ತದೆ. 1983ರಲ್ಲಿ ಅಮೆರಿಕದ ಸಂಶೋಧಕರಾದ ಆಂಡರ್ಸನ್ ಮತ್ತು ಪ್ಯಾರಿಶ್ ವಿವರಿಸಿದ ತತ್ತ್ವವಿದು. ಇದಕ್ಕೆ 595 ನ್ಯಾನೋಮೀಟರ್‌ನ ಪಲ್ಸ್ಡ್ ಡೈ ಲೇಸರ್, 532ರ ಕೆಟಿಪಿ, 1064ರ ಎನ್‌ಡಿ-ಯಾಗ್ ಎಂಬ ಲೇಸರ್‌ಗಳು ಬಳಕೆಯಲ್ಲಿವೆ. ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಎಂಬುದು ಹಲವು ತರಂಗಾಂತರಗಳು ಬೆರೆತ ಬೆಳಕು, ಕಟ್ಟುನಿಟ್ಟಾಗಿ ಹೇಳಿದರೆ ಲೇಸರ್ ಅಲ್ಲ. ಜಾಹೀರಾತುಗಳು ಈ ವ್ಯತ್ಯಾಸವನ್ನು ಹೇಳುವುದು ಅಪರೂಪ.

ತೊಡಕಿರುವುದು ನಮ್ಮ ಮೈಬಣ್ಣದಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಈ ಬೆಳಕನ್ನು ಹೀರಿಕೊಳ್ಳುವುದರಿಂದ, ಅದರಲ್ಲೂ 532ರಲ್ಲಿ ಮತ್ತು ಐಪಿಎಲ್‌ನಲ್ಲಿ, ಮೇಲ್ಚರ್ಮ ಸುಟ್ಟು ಕಪ್ಪು ಅಥವಾ ಬಿಳಿ ಕಲೆಗಳಾಗುವ ಅಪಾಯ ಬಿಳಿ ಚರ್ಮದವರಿಗಿಂತ ನಮಗೆ ಹೆಚ್ಚು. 1064ನ್ನು ಮೆಲನಿನ್ ಅಷ್ಟಾಗಿ ಹೀರುವುದಿಲ್ಲವಾದರೂ, ಅದು ಆಳಕ್ಕಿಳಿಯುವ ಕಾರಣ ಶಕ್ತಿ ಮಿತಿಮೀರಿದರೆ ಗಾಯದ ಗುರುತು ಉಳಿಯಬಹುದು. ಆದ್ದರಿಂದ ಹಣ ಕಟ್ಟುವ ಮುನ್ನ ಯಂತ್ರ ಯಾವುದು, ನಡೆಸುವವರು ವೈದ್ಯರೋ ಸಹಾಯಕರೋ, ನಿಮ್ಮಂಥ ಮೈಬಣ್ಣದವರಿಗೆ ಅವರು ಮಾಡಿದ್ದಾರೆಯೇ ಎಂದು ಕೇಳಿ; ದವಡೆಯ ಅಂಚಿನಲ್ಲಿ ಒಂದು ಸಣ್ಣ ಜಾಗಕ್ಕೆ ಪರೀಕ್ಷಾರ್ಥ ಮಾಡಿಸಿ ಕೆಲವು ವಾರ ಕಾಯಿರಿ. ಆರು ಸಿಟ್ಟಿಂಗ್‌ಗಳ ಹಣವನ್ನು ಒಟ್ಟಿಗೆ ಕಟ್ಟಬೇಡಿ. ಪಲ್ಸ್ಡ್ ಡೈ ಲೇಸರ್ ನಂತರ ಒಂದು ವಾರ ರಕ್ತ ಹೆಪ್ಪುಗಟ್ಟಿದಂಥ ನೇರಳೆ ಬಣ್ಣದ ಕಲೆ ಉಳಿಯಬಹುದು. ಒಳ್ಳೆಯ ಫಲ ಸಿಕ್ಕರೂ ಹೊಸ ನಾಳಗಳು ಮೂಡುವುದರಿಂದ, ವರ್ಷಗಳಲ್ಲಿ ಮತ್ತೊಮ್ಮೆ ಮಾಡಿಸಬೇಕಾಗಿ ಬರಬಹುದು.

ಕಣ್ಣಿನಲ್ಲಿ ಮರಳು ಬಿದ್ದಂಥ ಅನುಭವ, ರೆಪ್ಪೆಯಂಚು ಕೆಂಪಾಗುವುದು, ಬೆಳಕು ಸಹಿಸಲಾಗದಿರುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಮುಖದ ಚಿಂತೆಯನ್ನು ಬದಿಗಿಟ್ಟು ನೇತ್ರತಜ್ಞರನ್ನು ಕಾಣಿರಿ. ರೊಸೇಶಿಯ ಕಣ್ಣಿಗೂ ತಗಲುತ್ತದೆ, ನಿರ್ಲಕ್ಷಿಸಿದರೆ ಕಾರ್ನಿಯಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ) ಹಾನಿಯಾಗಬಹುದು.