ನಡುಗಾಲೇ ಯಾಕೆ ಮೊದಲು ಬಿಸಿಯಾಗುತ್ತದೆ? ಆರು ಕಾಲಿನ ರೋಬೋಟ್ ಪ್ರಶ್ನೋತ್ತರ

ಆರು ಕಾಲಿನ ರೋಬೋಟ್ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಪ್ರೋಗ್ರಾಂ ಬಗ್ಗೆ. ವಿವರ ಓದಿದರೆ ಅರ್ಧಕ್ಕರ್ಧ ತೊಂದರೆ ಕರೆಂಟಿನದು, ತೂಕದ್ದು. ಹಾಗಾಗಿ ಅವನ್ನೇ ಮೊದಲು ಕೈಗೆತ್ತಿಕೊಂಡಿದ್ದೇವೆ. ಹೊಸಬರಿಗೆ ಮೂರು ಹೆಸರು: ಸರ್ವೋ ಎಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್, ಕಾಲಿಗೆ ಮೂರು; ಇಎಸ್‌ಪಿ32 ಪ್ರೋಗ್ರಾಂ ಓಡಿಸುವ ಬೋರ್ಡ್; ಪಿಸಿಎ9685 ಸರ್ವೋಗಳಿಗೆ ಸಿಗ್ನಲ್ ಹಂಚುವ ಬೋರ್ಡ್.

ಪ್ರಶ್ನೆ: ಸರ್, 18 ಎಂಜಿ996ಆರ್ ಸರ್ವೋ, ಎರಡು ಪಿಸಿಎ9685 ಬೋರ್ಡ್, ಒಂದು ಇಎಸ್‌ಪಿ32 ಹಾಕಿದ್ದೇನೆ. 5 ವೋಲ್ಟ್ 3 ಆಂಪ್ ಅಡಾಪ್ಟರ್ ಕೊಟ್ಟಿದ್ದೇನೆ. ಒಂದೇ ಕಾಲು ಜೋಡಿಸಿದರೆ ಚೆನ್ನಾಗಿ ಆಡುತ್ತದೆ, ಆರೂ ಸೇರಿಸಿದರೆ ಗಡಗಡ ನಡುಗಿ ಬೋರ್ಡ್ ರೀಸೆಟ್ ಆಗುತ್ತದೆ. ಕೋಡಿನಲ್ಲಿ ಏನು ತಪ್ಪಿದೆ?
(ಡಿಪ್ಲೊಮಾ ವಿದ್ಯಾರ್ಥಿನಿ, ಬಳ್ಳಾರಿ)

ಉತ್ತರ: ಕೋಡ್ ಮುಟ್ಟಬೇಡಿ. ಎಂಜಿ996ಆರ್ ಸರ್ವೋ ಪೂರ್ತಿ ಸಿಕ್ಕಿಬಿದ್ದು ನಿಂತಾಗ 6 ವೋಲ್ಟಿನಲ್ಲಿ ಸುಮಾರು 2.5 ಆಂಪ್ ಎಳೆಯುತ್ತದೆ. ಹದಿನೆಂಟೂ ಒಟ್ಟಿಗೆ ಎಳೆದರೆ 45 ಆಂಪ್. ನಡೆಯುವಾಗ ಅಷ್ಟು ಎಂದೂ ಬೇಕಾಗುವುದಿಲ್ಲ, ಆದರೆ ಸ್ವಿಚ್ ಹಾಕಿದ ಕ್ಷಣ ಎಲ್ಲ ಸರ್ವೋ ಒಂದೇ ಸಲ ತಮ್ಮ ಜಾಗಕ್ಕೆ ಹಾರುತ್ತವಲ್ಲ, ಆಗ ನಿಮ್ಮ 3 ಆಂಪ್ ಅಡಾಪ್ಟರ್ ಕುಸಿದು ಬೀಳುತ್ತದೆ. ವೋಲ್ಟೇಜ್ ಇಳಿದರೆ ಇಎಸ್‌ಪಿ32 ತಾನಾಗಿಯೇ ರೀಸೆಟ್ ಆಗುತ್ತದೆ. ಬೋರ್ಡಿನ ಸಂದೇಶ ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್’ ಎಂಬ ಸಾಲು ಕಂಡರೆ ಬೇರೆ ಸಾಕ್ಷಿ ಬೇಡ. ಪವರ್‌ಬ್ಯಾಂಕಿನಿಂದಲೂ ಇದು ಆಗದ ಕೆಲಸ.

2 ಸೆಲ್‌ನ ಲಿಪೊ ಬ್ಯಾಟರಿ ತೆಗೆದುಕೊಳ್ಳಿ. 2200 ಎಂಎಎಚ್, 25ಸಿ (ಎಷ್ಟು ಕರೆಂಟ್ ಕೊಡಬಲ್ಲದು ಎಂಬ ಅಂಕಿ) ಇದ್ದರೆ ಸಾಕು. ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್. ಈ ಸರ್ವೋಗಳ ಮಿತಿ 7.2, ಆದ್ದರಿಂದ ನೇರ ಕೊಡಬೇಡಿ. 6 ವೋಲ್ಟಿಗೆ ಇಳಿಸುವ, ತಲಾ 10 ಆಂಪ್‌ಗೆ ಕಡಿಮೆಯಿಲ್ಲದ ಎರಡು ಯುಬಿಇಸಿ ರೆಗ್ಯುಲೇಟರ್ ಹಾಕಿ: ಎಡಪಕ್ಕದ ಒಂಬತ್ತು ಸರ್ವೋಗೆ ಒಂದು, ಬಲಪಕ್ಕಕ್ಕೆ ಇನ್ನೊಂದು. ಎರಡರ ಪ್ಲಸ್ ತಂತಿಗಳನ್ನು ಒಂದಕ್ಕೊಂದು ಕೂಡಿಸಬಾರದು. ಮೈನಸ್ ಮಾತ್ರ ಎಲ್ಲವೂ ಒಂದೇ ಕಡೆ ಸೇರಬೇಕು, ಇಎಸ್‌ಪಿ32ರ ಗ್ರೌಂಡ್ ಸಹ. ಗ್ರೌಂಡ್ ಸೇರಿಸುವುದನ್ನು ಮರೆತರೂ ನೀವು ಬರೆದಂಥದೇ ನಡುಕ ಬರುತ್ತದೆ. ಇಎಸ್‌ಪಿ32ಗೆ ಬೇರೆಯೇ ಒಂದು ಸಣ್ಣ 5 ವೋಲ್ಟ್ ರೆಗ್ಯುಲೇಟರ್ ಇರಲಿ. ಪಿಸಿಎ9685ರ ವಿಸಿಸಿ ಪಿನ್ನಿಗೆ 3.3 ವೋಲ್ಟ್ ಕೊಡಿ, ಸರ್ವೋ ಕರೆಂಟ್ ಹೋಗಬೇಕಾದದ್ದು ವಿ-ಪ್ಲಸ್ ಟರ್ಮಿನಲ್‌ಗೆ.

ಸರ್ವೋ ಕರೆಂಟನ್ನು ಬ್ರೆಡ್‌ಬೋರ್ಡ್ ಮೂಲಕ ಹಾಯಿಸಲೇಬೇಡಿ. ಮನೆ ವೈರಿಂಗ್‌ಗೆ ಬಳಸುವ 1.5 ಸ್ಕ್ವೇರ್ ಎಂಎಂ ತಂತಿ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುತ್ತದೆ, ಅದು ಸಾಕು. ಪ್ರತಿ ಬೋರ್ಡಿನ ವಿ-ಪ್ಲಸ್‌ಗೆ ಸರ್ವೋಗೆ ತಲಾ 100 ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಒಂದು 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಬೆಸುಗೆ ಹಾಕಿ.

ಇಷ್ಟಾದ ಮೇಲೆ ಕೋಡಿಗೆ ಬನ್ನಿ. ಪಿಸಿಎ9685ರ ಓಇ ಪಿನ್ ‘ಹೈ’ ಇದ್ದಾಗ ಯಾವ ಸರ್ವೋಗೂ ಸಿಗ್ನಲ್ ಹೋಗುವುದಿಲ್ಲ. ಅದನ್ನು ‘ಹೈ’ ಇಟ್ಟೇ ಬೋರ್ಡ್ ಸಿದ್ಧಪಡಿಸಿ, ನಂತರ ಇಳಿಸಿ, ಒಂದೊಂದೇ ಸರ್ವೋಗೆ 100 ಮಿಲಿಸೆಕೆಂಡ್ ಬಿಟ್ಟು ಬಿಟ್ಟು ಸಿಗ್ನಲ್ ಕೊಡಿ. ಮೊದಲ ಸಲ ಹಾಕುವಾಗ ಕಾಲುಗಳು ನೆಲಕ್ಕೆ ತಾಗದಂತೆ ರೋಬೋಟನ್ನು ಡಬ್ಬದ ಮೇಲೆ ಕೂರಿಸಿರಿ.

ಪ್ರಶ್ನೆ: ನಮ್ಮದು ನಡೆಯುತ್ತದೆ. ಆದರೆ ಐದು ನಿಮಿಷದೊಳಗೆ ನಡುವಿನ ಎರಡು ಕಾಲಿನ ಸರ್ವೋ ಮುಟ್ಟಲಾಗದಷ್ಟು ಬಿಸಿ. ಒಂದು ಈಗಾಗಲೇ ಸುಟ್ಟಿದೆ. ಮುಂದಿನ, ಹಿಂದಿನ ಕಾಲುಗಳಿಗೆ ಏನೂ ಆಗಿಲ್ಲ. ಹೊಸ ಸರ್ವೋ ಹಾಕಿದರೂ ಅದೇ ಕಥೆ.
(ರಾಯಚೂರು)

ಉತ್ತರ: ಸರ್ವೋ ಕೆಟ್ಟದ್ದಲ್ಲ, ಲೆಕ್ಕವೇ ಹಾಗಿದೆ. ನೀವು ಬಳಸುತ್ತಿರುವುದು ಮೂರು-ಮೂರು ಕಾಲಿನ ನಡಿಗೆ, ಅಂದರೆ ಟ್ರೈಪಾಡ್. ಎಡ ಮುಂಗಾಲು, ಎಡ ಹಿಂಗಾಲು, ಬಲ ನಡುಗಾಲು ನೆಲದಲ್ಲಿದ್ದಾಗ ಉಳಿದ ಮೂರು ಗಾಳಿಯಲ್ಲಿರುತ್ತವೆ. ಎಡಗಡೆಯ ಅರ್ಧ ಭಾರವನ್ನು ಎರಡು ಕಾಲು ಹಂಚಿಕೊಳ್ಳುತ್ತವೆ. ಬಲಗಡೆಯ ಅರ್ಧ ಪೂರ್ತಿ ಒಂದೇ ನಡುಗಾಲಿನ ಮೇಲೆ.

18 ಎಂಜಿ996ಆರ್ ಸರ್ವೋಗಳೇ ತಲಾ 55 ಗ್ರಾಂನಂತೆ 990 ಗ್ರಾಂ. ಬ್ಯಾಟರಿ, ಬಾಡಿ ಸೇರಿ 2 ಕೆ.ಜಿ. ಎಂದುಕೊಳ್ಳಿ. ನಡುಗಾಲಿನ ಮೇಲೆ 1 ಕೆ.ಜಿ. ತೊಡೆಯ ಕೀಲಿನಿಂದ ಪಾದಕ್ಕೆ ಅಡ್ಡ ದೂರ 8 ಸೆಂ.ಮೀ. ಇದ್ದರೆ ಆ ಕೀಲು ತಡೆಯಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ, 8 ಕೆ.ಜಿ.-ಸೆಂ.ಮೀ. ಈ ಸರ್ವೋದ ಹೇಳಿಕೆಯ ಗರಿಷ್ಠ ಟಾರ್ಕ್ 4.8 ವೋಲ್ಟಿನಲ್ಲಿ 9.4, 6 ವೋಲ್ಟಿನಲ್ಲಿ 11. ಅದು ಸಿಕ್ಕಿಬಿದ್ದು ನಿಂತಾಗಿನ ಲೆಕ್ಕ, ದುಡಿಯುವಾಗ ಅದರ ಅರ್ಧ ದಾಟಬಾರದು. ಅದೇ ಹೆಸರಿನಲ್ಲಿ ಬರುವ ನಕಲಿ ಸರ್ವೋಗಳು ಅಷ್ಟೂ ಕೊಡುವುದಿಲ್ಲ.

ದುಡ್ಡು ಖರ್ಚಿಲ್ಲದ ಪರಿಹಾರ ನಡಿಗೆ ಬದಲಿಸುವುದು. ರಿಪಲ್ ನಡಿಗೆಯಲ್ಲಿ ಯಾವಾಗಲೂ ನಾಲ್ಕು ಕಾಲು ನೆಲದಲ್ಲಿ, ಪಕ್ಕಕ್ಕೆ ಎರಡೆರಡು. ಹೆಚ್ಚುಕಡಿಮೆ ತಲಾ ಅರ್ಧ ಕೆ.ಜಿ., ಟಾರ್ಕ್ 4ಕ್ಕೆ ಇಳಿಯುತ್ತದೆ. ವೇಗ ಕಡಿಮೆಯಾಗುತ್ತದೆ, ಆಗಲಿ. ಎರಡನೆಯದು, ಪಾದವನ್ನು ಒಳಗೆ ತನ್ನಿ: 8ರ ಬದಲು 6 ಸೆಂ.ಮೀ. ಮಾಡಿದರೆ ಟ್ರೈಪಾಡ್‌ನಲ್ಲೂ ಟಾರ್ಕ್ 6. ಬಹಳ ಒಳಗೆ ತಂದರೆ ಪಕ್ಕಕ್ಕೆ ಉರುಳುತ್ತದೆ, ಬ್ಯಾಟರಿಯನ್ನು ಬಾಡಿಯ ಕೆಳಗೆ, ನಟ್ಟನಡುವೆ ಕಟ್ಟಿ. ಸುಮ್ಮನೆ ನಿಂತಿರುವಾಗಲೂ ಸರ್ವೋ ಭಾರ ತಡೆಯುತ್ತ ಕರೆಂಟ್ ತಿನ್ನುತ್ತಲೇ ಇರುತ್ತದೆ. ಕೆಲಸವಿಲ್ಲದಾಗ ಹೊಟ್ಟೆ ನೆಲಕ್ಕೆ ಊರಿಸಿ ಓಇ ಪಿನ್ನಿನಿಂದ ಸಿಗ್ನಲ್ ನಿಲ್ಲಿಸಿ. ಹೊರಗೆ 40 ಡಿಗ್ರಿ ಇರುವ ನಿಮ್ಮೂರಿನ ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ.

ಪ್ರಶ್ನೆ: ಕಾಲಿನ ಕೋನ ಲೆಕ್ಕ ಹಾಕುವ ಸೂತ್ರ ಬರೆದಿದ್ದೇನೆ. ಪಾದ ಎಲ್ಲೋ ಹೋಗುತ್ತದೆ, ಕೆಲವೊಮ್ಮೆ ಒಮ್ಮೆಲೇ ಎಗರುತ್ತದೆ. ನಡೆದರೆ ಕಡಪ ಕಲ್ಲಿನ ಮೇಲೆ ಕಾಲು ಜಾರುತ್ತವೆ.
(ಗಂಗಾವತಿ)

ಉತ್ತರ: ಮೂರು ಬೇರೆ ಬೇರೆ ತೊಂದರೆ ಇವು. ಮೊದಲು ಸೂತ್ರವನ್ನು ಒಂದು ಲೆಕ್ಕದಿಂದ ಪರೀಕ್ಷಿಸಿ. ಕಾಲಿನ ಮೂರು ತುಂಡುಗಳಲ್ಲಿ ಬಾಡಿಗೆ ಅಂಟಿದ ಬುಡ 30 ಮಿ.ಮೀ., ತೊಡೆ 60, ಕಣಕಾಲು 90 ಇರಲಿ. ಪಾದ ಬುಡದ ಕೀಲಿನಿಂದ 110 ಮಿ.ಮೀ. ಹೊರಗೆ, 70 ಕೆಳಗೆ. ಬುಡ ಕಳೆದರೆ ಅಡ್ಡ ದೂರ 80. ತೊಡೆಯ ಕೀಲಿನಿಂದ ಪಾದಕ್ಕೆ ನೇರ ದೂರ 80ರ ವರ್ಗ, 70ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 106.3. ಕೊಸೈನ್ ನಿಯಮ ಹಾಕಿದರೆ ಮಂಡಿಯ ಒಳಕೋನ ಸುಮಾರು 87.9 ಡಿಗ್ರಿ ಬರಬೇಕು, ತೊಡೆ ಅಡ್ಡಗೆರೆಗಿಂತ 16.6 ಡಿಗ್ರಿ ಮೇಲಕ್ಕಿರಬೇಕು. ಕಾಗದದ ಮೇಲೂ ಕೋಡಿನಲ್ಲೂ ಇದೇ ಬಂದರೆ ಸೂತ್ರ ಸರಿ. ಬರದಿದ್ದರೆ ಮೊದಲು ರೇಡಿಯನ್-ಡಿಗ್ರಿ ನೋಡಿ.

ಎಗರುವುದಕ್ಕೆ ಕಾರಣ ಪಾದ ತಲುಪದ ಜಾಗ ಕೇಳಿರುವುದು. ಆ ನೇರ ದೂರ 150 ದಾಟಿದರೆ ಅಥವಾ 30ಕ್ಕಿಂತ ಕಡಿಮೆಯಾದರೆ ಕೊಸೈನ್‌ನಿಂದ ಕೋನ ತೆಗೆಯುವ ಎಕೋಸ್‌ಗೆ 1ಕ್ಕಿಂತ ದೊಡ್ಡ ಅಥವಾ ಮೈನಸ್ 1ಕ್ಕಿಂತ ಚಿಕ್ಕ ಸಂಖ್ಯೆ ಹೋಗಿ ಅರ್ಥವಿಲ್ಲದ ಉತ್ತರ ಬರುತ್ತದೆ, ಸರ್ವೋ ಅದನ್ನೇ ಪಾಲಿಸುತ್ತದೆ. ಲೆಕ್ಕಕ್ಕೆ ಮೊದಲೇ ಮಿತಿ ಕಟ್ಟಿ.

ಎಲ್ಲ ಕಾಲೂ ಸ್ವಲ್ಪ ಸ್ವಲ್ಪ ತಪ್ಪಿದ್ದರೆ ಅದು ಜೋಡಣೆಯ ದೋಷ. ಎಂಜಿ996ಆರ್ ಶಾಫ್ಟಿಗೆ 25 ಹಲ್ಲು, ಒಂದು ಹಲ್ಲಿಗೆ 14.4 ಡಿಗ್ರಿ. ಶಾಫ್ಟಿನ ಮೇಲೆ ಕೂರುವ ತೋಳನ್ನು, ಅಂದರೆ ಹಾರ್ನನ್ನು, ಎಷ್ಟು ಜಾಣತನದಿಂದ ಕೂರಿಸಿದರೂ 7 ಡಿಗ್ರಿವರೆಗೆ ತಪ್ಪು ಉಳಿಯಬಹುದು. 1500 ಮೈಕ್ರೋಸೆಕೆಂಡ್ ಸಿಗ್ನಲ್ ಕೊಟ್ಟು ಹಾರ್ನ್ ಹಾಕಿ, ಉಳಿದ ತಪ್ಪನ್ನು ಹದಿನೆಂಟು ಸಂಖ್ಯೆಗಳ ಪಟ್ಟಿಯಾಗಿ ಕೋಡಿನಲ್ಲಿಡಿ. ಎಡ-ಬಲ ಸರ್ವೋ ಕನ್ನಡಿಯಂತೆ ತಿರುಗುವುದರಿಂದ ಒಂದು ಪಕ್ಕಕ್ಕೆ 180ರಿಂದ ಕಳೆಯಬೇಕು. ಒಂದು ಪಕ್ಕ ಪೂರ್ತಿ ಒಂದೇ ಥರ ತಪ್ಪಿದ್ದರೆ ಪಿಸಿಎ9685ರ ಒಳಗಿನ ಗಡಿಯಾರವನ್ನು ಅನುಮಾನಿಸಿ. ಹೆಸರಿಗೆ 25 ಮೆಗಾಹರ್ಟ್ಸ್ ಇದ್ದರೂ ಬೋರ್ಡಿನಿಂದ ಬೋರ್ಡಿಗೆ ಅದು ಹೆಚ್ಚುಕಡಿಮೆಯಾಗುತ್ತದೆ. ಎರಡನ್ನೂ ಬೇರೆ ಬೇರೆ ಅಳೆದು ಹೊಂದಿಸಿ.

ಜಾರುವುದಕ್ಕೆ ಕಲ್ಲನ್ನು ಬೈಯಬೇಡಿ. ನೀವು ಆರಂಭದ ಕೋನದಿಂದ ಕೊನೆಯ ಕೋನಕ್ಕೆ ಸರ್ವೋವನ್ನು ನೇರ ತಿರುಗಿಸುತ್ತಿರಬೇಕು. ಹಾಗೆ ಮಾಡಿದರೆ ಪಾದ ಕಮಾನಿನಲ್ಲಿ ಸರಿಯುತ್ತದೆ, ನೆಲದಲ್ಲಿರುವ ಕಾಲುಗಳು ಒಂದನ್ನೊಂದು ಎಳೆದಾಡುತ್ತವೆ. ಪಾದದ ಸ್ಥಾನವನ್ನೇ ತುಂಡು ತುಂಡಾಗಿ ಸರಿಸಿ, ಪ್ರತಿ 20 ಮಿಲಿಸೆಕೆಂಡಿಗೆ ಕೋನ ಹೊಸದಾಗಿ ಲೆಕ್ಕ ಹಾಕಿ. 40 ಮಿ.ಮೀ. ಹೆಜ್ಜೆಗೆ 0.6 ಸೆಕೆಂಡ್ ಅಂದರೆ 30 ತುಂಡು, ತುಂಡಿಗೆ 1.3 ಮಿ.ಮೀ. ಇಎಸ್‌ಪಿ32ರಿಂದ ಪಿಸಿಎ9685ಗೆ ಸಂದೇಶ ಒಯ್ಯುವ ಐ2ಸಿ ತಂತಿಯ ವೇಗ 100 ಕಿಲೋಹರ್ಟ್ಸ್ ಇದ್ದರೆ ಹದಿನೆಂಟು ಸರ್ವೋಗೆ ಕಳಿಸುವುದಕ್ಕೇ ಸುಮಾರು 10 ಮಿಲಿಸೆಕೆಂಡ್ ಹೋಗುತ್ತದೆ, 400ಕ್ಕೆ ಏರಿಸಿ. ಕೋಡಿನಲ್ಲಿ ಎಲ್ಲವನ್ನೂ ನಿಲ್ಲಿಸಿ ಕಾಯಿಸುವ ಡಿಲೇ ಬದಲು, ಗಡಿಯಾರದಂತೆ ಸಮಯ ಹೇಳುವ ಮಿಲಿಸ್ ಬಳಸಿ. ಇಷ್ಟೆಲ್ಲ ಆದ ಮೇಲೂ ಜಾರಿದರೆ ಪಾದಕ್ಕೆ ಹಳೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ.

ಪ್ರಶ್ನೆ: ಎರೆ ಹೊಲದಲ್ಲಿ ನಡೆಸಬಹುದೇ? (ಸಿಂಧನೂರು)

ಉತ್ತರ: ಒಣಗಿದಾಗ, ಪಾದಕ್ಕೆ 4 ಸೆಂ.ಮೀ. ಅಗಲದ ಬಿಲ್ಲೆ ಕಟ್ಟಿ, ಹೆಜ್ಜೆ ಎತ್ತರ 50 ಮಿ.ಮೀ. ಇಟ್ಟರೆ ನಡೆಯಬಹುದು. ಆದರೂ ಬಿರುಕಿಗೆ ಕಾಲು ಇಳಿದರೆ ಸರ್ವೋ ಹಲ್ಲು ಮುರಿಯುತ್ತದೆ. ಹಸಿ ಎರೆಯಲ್ಲಿ ಬೇಡ: ಮಣ್ಣು ಮೆತ್ತಿ ಪ್ರತಿ ಕಾಲೂ ಭಾರವಾಗುತ್ತದೆ, ಈ ಸರ್ವೋಗಳಿಗೆ ನೀರು ತಡೆಯುವ ಸೀಲ್ ಇಲ್ಲ.

ಪ್ರಶ್ನೆ: ಕಿನ್ನಾಳ ಗೊಂಬೆ ಮಾಡುವ ಹಗುರ ಮರದಿಂದ ಕಾಲು ಮಾಡಿದರೆ ತೂಕ ಉಳಿಯುವುದಿಲ್ಲವೇ? (ಕೊಪ್ಪಳ)

ಉತ್ತರ: ಉಳಿಯುತ್ತದೆ, ಆದರೆ ಮೆದು ಮರದಲ್ಲಿ ಸ್ಕ್ರೂ ಬೇಗ ಸಡಿಲವಾಗುತ್ತದೆ. ಕೀಲಿನಲ್ಲಿ ಒಂದು ಮಿ.ಮೀ. ಸಡಿಲವಾದರೆ ಪಾದದಲ್ಲಿ ಅದು ಹಲವು ಮಿ.ಮೀ. ಆಗುತ್ತದೆ. ಮೇಲಿನ ಕವಚಕ್ಕೆ ಬಳಸಿ, ಬಣ್ಣವನ್ನೂ ಹಚ್ಚಿಸಿ, ಚೆಂದ ಕಾಣುತ್ತದೆ. ಕಾಲಿಗೆ 3 ಮಿ.ಮೀ. ಅಕ್ರಿಲಿಕ್ ಸಾಕು, ನೇಮ್‌ಬೋರ್ಡ್ ಮಾಡುವ ಅಂಗಡಿಗಳಲ್ಲಿ ಲೇಸರ್ ಕಟಿಂಗ್ ಇದ್ದರೆ ಅಲ್ಲೇ ಕತ್ತರಿಸಿಕೊಡುತ್ತಾರೆ. ತೂತಿನ ಅಂಚಿಗೆ ಕನಿಷ್ಠ 4 ಮಿ.ಮೀ. ಜಾಗ ಬಿಡಿ, ಇಲ್ಲದಿದ್ದರೆ ಸ್ಕ್ರೂ ಬಿಗಿಸುವಾಗ ಸೀಳುತ್ತದೆ.

ಪ್ರಶ್ನೆ: 3ಡಿ ಪ್ರಿಂಟ್ ಮಾಡಿದ ಕಾಲುಗಳು ಕಾರಿನಲ್ಲಿಟ್ಟಿದ್ದಾಗ ಬಾಗಿಹೋದವು. ಪ್ಲಾಸ್ಟಿಕ್ ಕಳಪೆಯೇ? (ಸಿರುಗುಪ್ಪ)

ಉತ್ತರ: ಪಿಎಲ್‌ಎ ಇರಬೇಕು. ಅದು 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ, ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ದಾಟುತ್ತದೆ. 80 ಡಿಗ್ರಿ ಹತ್ತಿರದವರೆಗೆ ತಡೆಯುವ ಪಿಇಟಿಜಿಯಲ್ಲಿ ಮತ್ತೆ ಪ್ರಿಂಟ್ ಮಾಡಿಸಿ. ಲಿಪೊ ಬ್ಯಾಟರಿಯನ್ನಂತೂ ಕಾರಿನಲ್ಲಿ ಬಿಡಲೇಬೇಡಿ, ಅದು ಬಾಗಿ ಸುಮ್ಮನಾಗುವುದಿಲ್ಲ, ಬೆಂಕಿ ಹತ್ತಬಹುದು.